ಸಂಡಿಗೆ ಕಾಯುತ್ತ ಕಲಿತ ಫ್ರೆಂಚ್

ಬೇಸಿಗೆ ರಜೆಗೆ ಕ್ಯಾಂಪು, ಕೋಚಿಂಗು ಎನ್ನುವುದೆಲ್ಲ ಇನ್ನೂ ಕಾಲಿಡದ ದಿನಗಳು. ಶಂಕರಪುರದ ನಮ್ಮ ಮನೆಯಲ್ಲಿ ರಜೆ ಎಂದರೆ ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುವುದು. ಕೊಡೆ ಹಿಡಿದು ಕಾಗೆ ಓಡಿಸುವುದು ನನ್ನ ಪಾಲು. ಹಸಿಮೆಣಸಿನಕಾಯಿ, ಇಂಗಿನ ವಾಸನೆಗೆ ಮೂಗು ಅರಳುತ್ತಿತ್ತು. ಅರ್ಧ ಒಣಗಿದ್ದನ್ನು ಕದ್ದು ಬಾಯಿಗೆ ಹಾಕಿಕೊಂಡರೆ ಅಮ್ಮ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಏಳನೇ ಕ್ಲಾಸು ಮುಗಿದ ಆ ಬೇಸಿಗೆ ಮಾತ್ರ ಸಂಡಿಗೆಯೂ ರುಚಿಸಲಿಲ್ಲ. ಹೊಟ್ಟೆ ತುಂಬ ಸೇಡು ಇತ್ತು.

ಕಾರಣ ದೊಡ್ಡಪ್ಪನ ಮಗಳು ವೀಣಾ. ಮಲ್ಲೇಶ್ವರದ ಕಾನ್ವೆಂಟಿನವಳು, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಯುಗಾದಿ ಊಟಕ್ಕೆ ಎಲ್ಲರೂ ಸೇರಿದ್ದಾಗ ದೊಡ್ಡಪ್ಪ ನನ್ನನ್ನು ಇಂಗ್ಲಿಷಿನಲ್ಲಿ ಏನಾದರೂ ಹೇಳು ಎಂದರು. ಕನ್ನಡ ಮೀಡಿಯಮ್ಮಿನವಳು ನಾನು, "ಐ ಮ್ಯಾಂಗೋ ಈಟ್" ಎಂದೆ. ವೀಣಾ ಒಬ್ಬಟ್ಟು ನೆತ್ತಿಗೇರುವ ಹಾಗೆ ನಕ್ಕಳು. ಪಂಕ್ತಿಯೆಲ್ಲ ನಕ್ಕಿತು. ದೊಡ್ಡಪ್ಪ ಅಪ್ಪನ ಕಡೆ ತಿರುಗಿ, ಇವಳಿಗೆ ಹೈಸ್ಕೂಲಿಗೂ ಕನ್ನಡ ಮೀಡಿಯಮ್ಮೇ ಸಾಕು ಎಂದುಬಿಟ್ಟರು. ಅಪ್ಪ ಅಣ್ಣನ ಮಾತು ಮೀರುವವರಲ್ಲ. ಜೂನಿನಲ್ಲಿ ಇಂಗ್ಲಿಷ್ ಸ್ಕೂಲಿಗೆ ಸೇರುವ ನನ್ನ ಆಸೆ ಎಂಜಲೆಲೆಯ ಜೊತೆಗೇ ಹೊರಗೆ ಹೋಯಿತು.

ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಜಾನಕಮ್ಮ ಪಾಂಡಿಚೇರಿಯ ಸ್ಕೂಲೊಂದರಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾಗಿದ್ದವರು. ನನಗೆ ಇಂಗ್ಲಿಷ್ ಹೇಳಿಕೊಡಿ ಎಂದು ಹೋಗಿ ನಿಂತೆ. ಯಾಕೆಂದು ಕೇಳಿದರು. ಸುಳ್ಳು ಹೇಳಲಿಲ್ಲ.

"ಇಂಗ್ಲಿಷ್ ಒಂದನ್ನೇ ನೋಡಿದ್ರೆ ಹೆದರಿಕೆ ಆಗುತ್ತೆ. ಪಕ್ಕದಲ್ಲಿ ಇನ್ನೊಂದನ್ನ ಕೂರಿಸಿದ್ರೆ ಅದರ ಜಂಬ ಇಳಿಯುತ್ತೆ," ಎಂದು ಸ್ಲೇಟಿನ ಮೇಲೆ ಗೆರೆ ಎಳೆದರು.

ಸಂಡಿಗೆ ಕಾಯುವ ತಾರಸಿಯ ಮೇಲೆಯೇ ಪಾಠ. ಒಂದು ಕಡೆ ಇಂಗ್ಲಿಷು, ಒಂದು ಕಡೆ ಫ್ರೆಂಚು. ಬಿಳಿ ಮನೆ ಎನ್ನಲು ಇಂಗ್ಲಿಷಿನವರು ನಮ್ಮ ಹಾಗೆಯೇ ಬಿಳಿಯನ್ನು ಮೊದಲು ಹೇಳಿದರೆ, ಫ್ರೆಂಚಿನವರು ಮೊದಲು ಮನೆ ಕಟ್ಟಿ ಆಮೇಲೆ ಸುಣ್ಣ ಬಳಿಯುತ್ತಿದ್ದರು: ಮೆಜೋಂ ಬ್ಲಾಂಶ್. ಇಟಲಿಯವರು ನಮ್ಮ 'ಬರ್ತೀನಿ'ಯಂತೆ 'ನಾನು' ಎನ್ನುವುದನ್ನು ಕ್ರಿಯಾಪದದ ಬಾಲದಲ್ಲೇ ಅಡಗಿಸುತ್ತಾರಂತೆ. ಇಂಗ್ಲಿಷಿಗೆ ಆ ಬಾಲ ಉದುರಿಹೋಗಿ, ಪ್ರತಿ ಸಲವೂ 'ಐ' ಎಂದು ಊರುಗೋಲು ಹಿಡಿಯಬೇಕು. ಫ್ರೆಂಚಿನಲ್ಲಿ ಮೇಜು ಕೂಡ ಹೆಣ್ಣು ಎಂದಾಗ ನನಗೆ ತಮಾಷೆಯೆನಿಸಿತು. 'ಅದನ್ನು ತಿನ್ನುತ್ತೇನೆ' ಎನ್ನುವಾಗ ಫ್ರೆಂಚಿನವರೂ ನನ್ನ 'ಮ್ಯಾಂಗೋ ಈಟ್'ನ ಹಾಗೆಯೇ 'ಅದನ್ನು' ಮೊದಲಿಟ್ಟು 'ತಿನ್ನುತ್ತೇನೆ' ಆಮೇಲೆ ಇಡುತ್ತಾರೆಂದು ತಿಳಿದ ದಿನ ಕಾಗೆಗಳು ಅರ್ಧ ಸಂಡಿಗೆ ಹೊತ್ತೊಯ್ದರೂ ನನಗೆ ಎಚ್ಚರವಿರಲಿಲ್ಲ.

ಜಾನಕಮ್ಮನದು ಒಂದು ನಿಯಮ. ಮೊದಲು ಬಂದವರು ಆಮೇಲೆ ಬಂದವರಿಗೆ ಹೇಳಿಕೊಡಬೇಕು. ಹೇಳಿಕೊಡಲು ಬಂದರೇ ಪಾಠ ಬಂದಂತೆ.

ಮೇ ತಿಂಗಳಲ್ಲಿ ದೊಡ್ಡಪ್ಪ ಸೂಟ್‌ಕೇಸಿನ ಸಮೇತ ವೀಣಾಳನ್ನು ಜಾನಕಮ್ಮನ ಪಾಠಕ್ಕೆಂದು ತಂದು ಬಿಟ್ಟರು. ಸ್ಕೂಲಿನಲ್ಲಿ ಅವಳು ಫ್ರೆಂಚಿನಲ್ಲಿ ಫೇಲು. ಜೂನಿನಲ್ಲಿ ಮತ್ತೆ ಪರೀಕ್ಷೆ ಬರೆದು ಪಾಸಾದರೆ ಮಾತ್ರ ಮುಂದಿನ ಕ್ಲಾಸು. ಜಾನಕಮ್ಮ ಅವಳಿಗೆ ಚಾಪೆ ತೋರಿಸಿದರು. "ಇವಳು ಮೊದಲು ಬಂದವಳು. ಇವಳ ಹತ್ರ ಕೂತ್ಕೋ. ಇಬ್ಬರೂ ನಗೋ ಹಾಗಿಲ್ಲ."

ನಗದೇ ಇರುವುದು ಮೊದಲು ಕಷ್ಟವಾಯಿತು. ಆಮೇಲೆ ಗೊತ್ತಾಯಿತು, ನಗುವಿಗಿಂತ ತಾಳ್ಮೆ ಹೆಚ್ಚು ಚುಚ್ಚುತ್ತದೆ. ಬಿಳಿ ಮನೆ ಹೇಳು ಎಂದರೆ ಅವಳು ಇಂಗ್ಲಿಷಿನ ಚಾಳಿಯಲ್ಲಿ ಬಿಳಿಯನ್ನೇ ಮೊದಲು ತರುತ್ತಿದ್ದಳು. ನಾನು ಮೆಲ್ಲಗೆ, ಜಾನಕಮ್ಮನದೇ ದನಿಯಲ್ಲಿ, "ಮತ್ತೊಂದ್ಸಲ" ಎನ್ನುತ್ತಿದ್ದೆ. ಬಿಸಿಲಲ್ಲಿ ಅವಳ ಮುಖ ಕೆಂಪಾಗಿ, ಕಣ್ಣು ತುಂಬಿತು.

"ಬೇಕೂಂತ ಮಾಡ್ತಿದೀಯ ಕಣೇ ನೀನು."

"ಹೂಂ. ಅಳೋದಾದ್ರೆ ಅತ್ಬಿಡು ವೀಣಕ್ಕ, ನಂಗೇನೂ ಅವಸರ ಇಲ್ಲ. ಆಮೇಲೆ ಮತ್ತೊಂದ್ಸಲ."

ಕೊನೆಯ ಪಾಠ 'ಇಲ್ಲ' ಎನ್ನುವುದು. ಫ್ರೆಂಚಿನಲ್ಲಿ ಅದಕ್ಕೆ ಕ್ರಿಯಾಪದದ ಎರಡು ಪಕ್ಕಕ್ಕೂ ಒಂದೊಂದು ತುಂಡು ಇಡಬೇಕು. ಅದನ್ನು ಹೇಳಿಕೊಡಲು ಒಂದು ಷರತ್ತು ಹಾಕಿದೆ: ಯಾರು ಹೇಳಿಕೊಟ್ಟಿದ್ದೆಂದು ಪಂಕ್ತಿಯಲ್ಲೇ ದೊಡ್ಡಪ್ಪನಿಗೆ ಹೇಳಬೇಕು. ನೀವೇ ಹೇಳಿಕೊಡಿ ಎಂದು ಅವಳು ಜಾನಕಮ್ಮನ ಬಳಿ ಓಡಿದಳು. ಅವರು ನನ್ನನ್ನೇ ತೋರಿಸಿದರು.

ಭಾನುವಾರ ದೊಡ್ಡಪ್ಪ ಊಟಕ್ಕೆ ಬಂದರು. ಸಾರನ್ನಕ್ಕೆ ಬರುವವರೆಗೂ ವೀಣಾ ತಲೆ ಎತ್ತಲಿಲ್ಲ. ಆಮೇಲೆ ಎಲೆಗೇ ಹೇಳುವ ಹಾಗೆ ಹೇಳಿದಳು: "ಅಪ್ಪ, ನಂಗೆ ಫ್ರೆಂಚ್ ಹೇಳ್ಕೊಡ್ತಿರೋದು ಇವಳು. ನನಗಿಂತ ಚೆನ್ನಾಗಿ ಬರುತ್ತೆ ಇವಳಿಗೆ."

ದೊಡ್ಡಪ್ಪನ ಕೈ ಎಲೆಯ ಮೇಲೇ ನಿಂತಿತು. ಮಜ್ಜಿಗೆ ಅನ್ನ ಕಲಸುತ್ತ ನನ್ನನ್ನೊಮ್ಮೆ ನೋಡಿದರು. ಏಳುವಾಗ ಅಪ್ಪನಿಗೆ, "ಇವಳನ್ನೂ ವೀಣಾ ಸ್ಕೂಲಿಗೇ ಹಾಕ್ಬಿಡೋ" ಎಂದರು. ನಾನು ಇನ್ನೊಂದು ಸಂಡಿಗೆ ಹಾಕಿಸಿಕೊಂಡು ಕರಕರ ಕಡಿದೆ. ಎಲ್ಲರಿಗೂ ಕೇಳಲೆಂದೇ ಕಡಿದೆ.

ಆ ಮನೆಯ ಜಾಗದಲ್ಲಿ ಈಗ ಫ್ಲ್ಯಾಟುಗಳು. ಜಾನಕಮ್ಮ, ದೊಡ್ಡಪ್ಪ, ಅಪ್ಪ, ಅಮ್ಮ ಎಲ್ಲ ತೀರಿಕೊಂಡು ಎಷ್ಟೋ ಕಾಲವಾಯಿತು. ಇವೆಲ್ಲ ಹೋಗುವಂಥವೇ, ಹೋದವು. ಆದರೆ ಹೋದ ತಿಂಗಳು ವೈಯಾಲಿಕಾವಲಿನ ಒಂದು ನಾಮಕರಣದಲ್ಲಿ ವೀಣಾ ಸಿಕ್ಕಿದಳು. ಪ್ಯಾರಿಸ್ಸಿನ ಫೋಟೋ ತೋರಿಸುತ್ತ, ಅಂಗಡಿಯ ಬೋರ್ಡೊಂದರ ಅರ್ಥವೇನೆಂದು ಫೋನನ್ನು ಕೇಳುತ್ತಿದ್ದಳು. ಫೋನಿಗಿಂತ ಮೊದಲು ನಾನು ಹೇಳಿದೆ.

"ಅಯ್ಯೋ, ನಿಂಗೆ ಫ್ರೆಂಚ್ ಬರುತ್ತಾ? ಯೂಟ್ಯೂಬಲ್ಲಿ ಕಲಿತ್ಯಾ?"

ತುಂಟತನವಿದೆಯೇ ಎಂದು ಅವಳ ಮುಖದಲ್ಲಿ ಹುಡುಕಿದೆ. ಇರಲಿಲ್ಲ, ನಿಜವಾಗಿಯೂ ಮರೆತಿದ್ದಳು. ಅವಳು ನಕ್ಕಿದ್ದಕ್ಕೆ ಎಂದೋ ತೀರಿಸಿಕೊಂಡಿದ್ದೆ. ನನ್ನ ಗೆಲುವನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ ಉಳಿದಿದ್ದಳು, ಅವಳೂ ಅದನ್ನು ಎಲ್ಲೋ ಬಿಟ್ಟು ಬಂದಿದ್ದಾಳೆ. ಇದನ್ನು ಮಾತ್ರ ನಾನು ಕ್ಷಮಿಸಲಾರೆ.