ಹದಿನಾರು ಹಳೆ ಗಣಕಗಳ ಪಂಗತಿ

ಚಂದಾಪುರದ ಕಾಲೇಜಿನ ಕಾವಲುಗಾರ ಇನ್ನೂ ಹಲ್ಲುಜ್ಜುತ್ತಿರುವಾಗಲೇ ತಾಜುನ್ನಿಸಾ ಗಣಕ ಕೋಣೆಯ ಬಾಗಿಲು ತೆರೆಯುತ್ತಾರೆ. ತೋಳೇರಿಸಿ ಒಂದೊಂದೇ ಗುಂಡಿ ಒತ್ತುತ್ತಾರೆ. ಒಂದು ಗಣಕ ಗುರ್ ಎನ್ನುತ್ತದೆ, ಇನ್ನೊಂದು ಸೀನುತ್ತದೆ. ಕಿಟಕಿ ಪಕ್ಕದ ಅತಿ ಹಳೆಯದು ಮಾತ್ರ ಕೆಮ್ಮಿ ಕೆಮ್ಮಿ ಏಳುತ್ತದೆ.

"ಇದು ನಮ್ಮ ಖಾಲಾ ರೀ. 'ತಡೀ ಬೇಟಾ, ಮೊಣಕಾಲು ಹಿಡದಾವ' ಅಂತದ ದಿನಾ," ಎಂದು ಮುದುಕಿ ದೊಡ್ಡಮ್ಮನ ದನಿ ತೆಗೆಯುತ್ತಾರೆ.

ಶಹಾಬಾದಿನಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡಿದ್ದು, ಮದುವೆಯಾಗಿ ಇಲ್ಲಿಗೆ ಬಂದ ಡಿಪ್ಲೊಮಾ ಓದಿದವರು ಇವರು. ಎರಡು ಕೋಣೆ, ಹದಿನಾರು ಗಣಕ, ನಡುವೆ ಒಂದೇ ತಂತಿ. ಎಲ್ಲವನ್ನೂ ಸೇರಿಸಿ ತೊಗರಿ ಎಲೆಯ ಚಿತ್ರ ನೋಡಿ ರೋಗ ಗುರುತಿಸಲು ಕಲಿಸುವುದು ಇವರ ಕೆಲಸ. ಪ್ರತಿ ಗಣಕವೂ ತನ್ನ ಪಾಲಿನ ಚಿತ್ರ ನೋಡುತ್ತದೆ. ಕಲಿತದ್ದೆಲ್ಲ ಒಟ್ಟಾಗಿ, ಆ ಮೊತ್ತ ಎಲ್ಲಕ್ಕೂ ತಲುಪಿದ ಮೇಲೆಯೇ ಮುಂದಿನ ಸುತ್ತು.

ಕಳೆದ ತಿಂಗಳು ಎರಡೂ ಕೋಣೆಗಳನ್ನು ಜೋಡಿಸಿದ ಮೇಲೆ ಈ ಸುತ್ತು ಕುಂಟತೊಡಗಿತು. ಸೋಮವಾರದೊಳಗೆ ಕಲಿಕೆ ಮುಗಿಯದಿದ್ದರೆ ಎಲ್ಲವೂ ಗುಜರಿಗೆ ಎಂದರು ಪ್ರಾಂಶುಪಾಲರು. ಗುಜರಿಯ ಮುಕ್ರಮ ಟಂಟಂ ಗಾಡಿ ತಂದು ಬಾಗಿಲಿನ ಅಗಲವನ್ನೂ ಅಳೆದುಕೊಂಡು ಹೋದ.

ಅದೇ ವಾರ ನಾದಿನಿಯ ಮದುವೆಗೆ ಕರೆಯಲು ತಾಜುನ್ನಿಸಾ ಅತ್ತೆ ಸರ್ವರಬೇಗಂ ಜೊತೆ ಹೊರಟರು. ಆ ಮನೆಯಲ್ಲಿ ಕರೆಯುವುದು ವಯಸ್ಸಿನ ಸರದಿಯಲ್ಲಿ: ಮೊದಲು ಕೊಡ್ಲಿ ಊರಿನ ದೊಡ್ಡಪ್ಪ, ಆಮೇಲೆ ಚಂದಾಪುರದ ಮಾವ, ಮತ್ತೆ ಕೊಡ್ಲಿಯ ಚಿಕ್ಕಪ್ಪ.

"ಅತ್ತಿ, ಮುಂಜಾನೆ ಕೊಡ್ಲ್ಯಾಗೇ ಇದ್ವಲ್ಲ. ಬಾಜೂ ಮನಿ ಚಿಕ್ಕಪ್ಪನ್ನೂ ಕರದೇ ಬರಬೇಕಿತ್ತು."

"ಸಣ್ಣವ್ರನ ಮೊದ್ಲು ಕರದ್ರ ದೊಡ್ಡವ್ರು ಮುನಸ್ಕೊಳ್ಳಲ್ಲೇನು? ಬಸ್ಸು ಪುಕ್ಕಟೆ ಅದ, ನಿನಗೇನು ಬ್ಯಾನಿ?"

ಬಸ್ಸಿನಲ್ಲೇ ತಾಜುನ್ನಿಸಾಗೆ ಹೊಳೆಯಿತು. ಗಣಕಗಳು ಒಂದಕ್ಕೊಂದು ಮಾತು ದಾಟಿಸಲು ತಾವೂ ವಯಸ್ಸಿನ ಪ್ರಕಾರವೇ ಸರದಿ ಕಟ್ಟಿದ್ದರು. ಒಂದು ಈ ಕೋಣೆಯದಾದರೆ ಮುಂದಿನದು ಆ ಕೋಣೆಯದು. ಸರದಿಯ ಮಾತೆಲ್ಲ ಆ ಒಂದೇ ತಂತಿಯಲ್ಲಿ ನೂಕುನುಗ್ಗಲಾಗಿ ಓಡಾಡುತ್ತಿತ್ತು!

ಉಪನ್ಯಾಸಕ ಸಂಗಮೇಶ್ವರರೊಂದಿಗೆ ಕೂತು ಸರದಿ ಬದಲಿಸಿದರು. ಪಕ್ಕದವರು ಪಕ್ಕದವರಿಗೆ ಹೇಳಿ ಕೋಣೆಯೊಳಗೇ ಮೊತ್ತ ಕೂಡಿಸಬೇಕು. ಆಮೇಲೆ ಕೋಣೆಗೊಂದು ಗಣಕ ಮಾತ್ರ ತಂತಿಯಲ್ಲಿ ಮಾತಾಡಿ, ಸಿಕ್ಕ ಮೊತ್ತವನ್ನು ತನ್ನವರಿಗೆ ಹಂಚಬೇಕು. ಸುತ್ತುಗಳು ಚುರುಕಾಗಿ, ಭಾನುವಾರ ಸಂಜೆಗೆ ಕಲಿಕೆ ಮುಗಿಯಿತು.

ಸೋಮವಾರ ಬಂದ ಮುಕ್ರಮನಿಗೆ ಚಹಾ ಅಷ್ಟೇ ಸಿಕ್ಕಿತು.

"ಆಪಾ, ಇವು ಯಾವಾಗ ಸಾಯ್ತಾವ?"

"ನಿನ್ ಟಂಟಂ ಸತ್ತ ಮ್ಯಾಲ. ಮೊದ್ಲ ಚಹಾ ಕುಡಿ."

ಈಗ ಪಕ್ಕದ ಹಳ್ಳಿಗಳಿಂದಲೂ ಎಲೆಯ ಚಿತ್ರಗಳು ಬರುತ್ತಿವೆ. ಕೋಣೆಗಳ ನಡುವೆ ಇನ್ನೊಂದು ತಂತಿ ಸಿಕ್ಕರೆ ಸಾಕು, ಇಷ್ಟೇ ಅವರ ಬೇಡಿಕೆ. ಸರದಿಯ ಕೊನೆಗೆ ಸರಿದ ಖಾಲಾ ಮುನಿಸಿಕೊಂಡಿಲ್ಲವೇ ಎಂದರೆ, ಅದರ ಮೇಲಿನ ಧೂಳು ಒರೆಸುತ್ತಾ ನಗುತ್ತಾರೆ:

"ಯಾಕ ಮುನಸ್ಕೊಂತಾಳ್ರಿ? ಪಂಗತಿಯಾಗ ಎಲ್ಲಿ ಕುಂತ್ರೇನು, ಕೊನಿಗಿ ಬರೋ ಮೊತ್ತ ಎಲ್ಲರ ತಾಟಿನ್ಯಾಗೂ ಒಂದೇ."