ಹಗೇವಿನಲ್ಲಿ ಇಟ್ಟದ್ದು

...ಅಥವಾ ಚಾಚಾನ ಹುಬ್ಬುಗಳು ಬೆಳ್ಳಗಿದ್ದದ್ದು ವಯಸ್ಸಿನಿಂದಲೇ ಇರಬಹುದು. ಗೋದಾಮಿನ ಪುಡಿಯಿಂದ ಎಂದು ಇಷ್ಟು ವರ್ಷ ನಂಬಿದ್ದೆ. ಮುಖ ತೊಳೆದು ಬಂದಾಗಲೂ ನೋಡಿದ್ದೇನೆ; ಆಗ ಅವುಗಳ ಬಣ್ಣ ಏನಿತ್ತೆಂಬುದು ಮಾತ್ರ ನೆನಪಿಲ್ಲ. ವಾಸನೆಯೊಂದು ಖಚಿತ. ಆ ಪುಡಿಯ ಮುಗ್ಗಲು ವಾಸನೆ. ಅದು ನಾನು ಕಟ್ಟಿಕೊಂಡದ್ದಲ್ಲ.

ಎಂಬತ್ತರ ದಶಕದಲ್ಲಿ ಅತನೂರಿನ ಶಾಲೆಯಲ್ಲಿ ನಾನು ಮಾಸ್ತರ. ಅವರು ಪಕ್ಕದ ಮನೆಯವರು. ಕೀಟನಾಶಕದ ಸರ್ಕಾರಿ ಗೋದಾಮನ್ನು ಕಾಯುತ್ತಿದ್ದರು. ಊರಿಗೆಲ್ಲ ಚಾಚಾ. ಅವಧಿ ಮುಗಿದ ಬಿ.ಎಚ್.ಸಿ. ಪುಡಿಯ ಚೀಲಗಳು ಅಲ್ಲಿ ಒಡೆದು ಬಿದ್ದಿದ್ದವು.

ಮಗಳ ತಲೆಯ ಹೇನಿಗೆಂದು ಓಣಿಯ ಹೆಂಗಸೊಬ್ಬಳು ಹಿಡಿ ಪುಡಿ ಕೇಳಲು ಬಂದಳು.

"ಬೇಕಾದ್ರ ಆಕಿ ತಲಿ ಬೋಳಿಸು ಬೇ, ಇದನ್ನ ಹಚ್ಚಬ್ಯಾಡ."

"ಸರ್ಕಾರದ್ದು ಕೊಡಾಕ ನಿನಗ್ಯಾಕ ಇಷ್ಟು ಜೀವ ಹೋಗ್ತದ ಚಾಚಾ? ಮಣ್ಣಾಗ ಹೂಳ್ತಿಯೇನು?"

ಮುಂದೆ ಹಾಗೆಯೇ ಆಯಿತು. ಹೂಳಿ ವಿಲೇವಾರಿ ಮಾಡಿ ಎಂದು ಮೇಲಿನವರು ಹೇಳಿದರು. ಎಲ್ಲಿ, ಹೇಗೆ ಎಂದು ಹೇಳಲಿಲ್ಲ. ಚಾಚಾನ ಹಿತ್ತಿಲಲ್ಲಿ ಹಳೆಯ ಹಗೇವು ಇತ್ತು, ನೆಲದೊಳಗೆ ಜೋಳ ತುಂಬಿಡುವ ಗುಂಡಿ.

"ನಮ್ಮಪ್ಪ ಇಟ್ಟ ಜ್ವಾಳ ಬರಗಾಲದಾಗ ತೆಗದ್ರ ಹೊಸದರಂಗ ಇತ್ರಿ ಮಾಸ್ತರ್. ಒಳಗಿಂದು ಹೊರಗ ಬರಂಗಿಲ್ಲ."

ಜೋಳಕ್ಕೆ ಮಾಡುವಂತೆಯೇ ಸುತ್ತ ಹುಲ್ಲು ಹಾಸಿ, ಚೀಲ ಇಳಿಸಿ, ಬಾಯಿಗೆ ಮಣ್ಣು ಮೆತ್ತಿ, ಸಗಣಿಯಿಂದ ಸಾರಿಸಿದರು. ಅಷ್ಟು ಜತನ. ಆದರೆ ಜೋಳದ ಹಗೇವನ್ನು ಆಗಾಗ ತೆರೆದು ಹುಲ್ಲು ಬದಲಿಸುತ್ತಾರೆ. ಇದನ್ನು ತೆರೆಯುವಂತಿರಲಿಲ್ಲ.

ಒಂದು ದೊಡ್ಡ ಮಳೆಗಾಲ ಕಳೆದ ಮೇಲೆ ಅವರ ಬಾವಿಯ ನೀರಿಗೆ ಅದೇ ಮುಗ್ಗಲು. ಪಾಚಿ ಎಂದರು ಚಾಚಾ ಮೊದಲು. ಆಮೇಲೆ ಅಫಜಲಪುರದ ಕೃಷಿ ಕಚೇರಿಗೆ ಹೋಗಿ ಬಂದು ಕಟ್ಟೆಯ ಮೇಲೆ ಕುಳಿತರು.

"ಅಂಥಾ ಮಾಲೇ ಇಲ್ಲಂತ್ರಿ. ವಿಲೇವಾರಿ ಆಗ್ಯದಂತ. ನನ್ನ ಹಿತ್ಲಾಗ ಇರೋದು ಮತ್ತೇನ್ರಿ?"

ಬಾವಿಯ ಗಾಲಿ ಕಿತ್ತರು, ಬಾಯಿಗೆ ಜಾಲಿಮುಳ್ಳು ಒಟ್ಟಿದರು. ಕೊಡ ಹಿಡಿದು ಬಂದವರನ್ನು ಬೈದು ಕಳಿಸುತ್ತ ಅಲ್ಲೇ ಕುಳಿತಿರುತ್ತಿದ್ದರು. ನೀರಿನ ಸಿಪಾಯಿ ಎಂದು ಊರು ನಕ್ಕಿತು. ನನಗೆ ಜೇವರ್ಗಿಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ತಡವಾಗಿ ತಲುಪಿತು. ಕೊನೆಗೆ ಕೈಗಳು ಬಹಳ ನಡುಗುತ್ತಿದ್ದವಂತೆ. ಯಾಕೆಂದು ಯಾರೂ ಕೇಳಿರಲಿಲ್ಲ.

ಮುಂದೊಮ್ಮೆ ಹೋದಾಗ ಮುಳ್ಳು ಇರಲಿಲ್ಲ, ಗಾಲಿ ಇತ್ತು. ಹಿತ್ತಿಲು ಸಪಾಟಾಗಿತ್ತು, ಹಗೇವಿನ ಬಾಯಿ ಎಲ್ಲಿತ್ತೆಂದು ನನಗೂ ಗುರುತಿಸಲಾಗಲಿಲ್ಲ. ಹೇನಿಗೆ ಪುಡಿ ಕೇಳಿದ್ದ ಅದೇ ಹೆಂಗಸು ನೀರು ಸೇದುತ್ತಿದ್ದಳು. ಬೇಡವೆಂದೆ, ಕಾರಣ ಹೇಳಿದೆ.

"ನೀವೂ ಚಾಚಾನಂಗ ಆದ್ರಿ ನೋಡ್ರಿ! ಸೀ ನೀರು ಅದ, ಕುಡೀರಿ," ಎಂದು ನಕ್ಕು ಚರಿಗೆ ಚಾಚಿದಳು.

ಮೂಗಿನ ಹತ್ತಿರ ಹಿಡಿದೆ. ವಾಸನೆ ಬಂತು. ನೀರಿನದೋ, ನನ್ನೊಳಗೆ ಉಳಿದದ್ದೋ, ಗೊತ್ತಿಲ್ಲ. ಆಕೆ ಕೊಡ ಎತ್ತಿಕೊಂಡು ಮನೆಗೆ ಹೋದಳು.