ಜಗಲಿ ಮನೆಯ ಫೋಟೊ

ಊರಿನ ಮೇಲೆ ಪ್ರೀತಿ ಉಕ್ಕಿ ಕ್ಯಾಮೆರಾ ಹಿಡಿದವರು ಇದ್ದಾರೆ. ನಾನು ಶಿಡ್ಲಘಟ್ಟವನ್ನು ಸರಿಯಾಗಿ ನೋಡಲು ಶುರುಮಾಡಿದ್ದು ಒಂದು ಮನೆಯ ಮೇಲಿನ ಸಿಟ್ಟಿನಿಂದ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಸಾದಲಿ ಕಡೆಯ ಶಾಲೆಯಿಂದ ಪಟ್ಟಣದ ಹೈಸ್ಕೂಲಿಗೆ ವರ್ಗವಾಯಿತು. ಅದೇ ಹೈಸ್ಕೂಲಿನ ಹಿರಿಯ ಮೇಷ್ಟ್ರೊಬ್ಬರು ತಮ್ಮ ಮನೆಯ ಹಿಂಭಾಗವನ್ನು ಬಾಡಿಗೆಗೆ ಕೊಡುತ್ತೇನೆಂದು ತಾವಾಗಿಯೇ ಹೇಳಿದರು. ಪೇಟೆಯೊಳಗಿನ ಹಳೇ ಮನೆ. ಬಾಗಿಲಿನ ಎರಡೂ ಕಡೆ ಜಗಲಿ, ಕೆಂಪು ಗಾರೆ, ಮರದ ಕಂಬಗಳು. ಅಪ್ಪ ಕನ್ನಡ ಪಾಠ ಮಾಡುವವರು. ಅವರ ಮಾತು ಕೇಳಿ ಮೇಷ್ಟ್ರು ನಮ್ಮನ್ನು ತಮ್ಮ ಜಾತಿಯವರೇ ಎಂದುಕೊಂಡರು. ಮನೆ ಕೇಳಿಕೊಂಡು ಬಂದವರನ್ನು ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು "ನೀವು ಯಾವ ಪೈಕಿ" ಅಂತ. ಅವರು ಅದನ್ನು ಕೇಳಲಿಲ್ಲ. ಕೇಳದೆ ಹೇಳಬೇಕೆಂದು ಅಪ್ಪನಿಗೆ ಅನ್ನಿಸಲಿಲ್ಲ.

ನಮ್ಮ ಮನೆಯವರು ಬೌದ್ಧರಾಗಿ ಬಹಳ ವರ್ಷಗಳಾಗಿದ್ದವು. ಆದರೂ ಹೊಸ ಮನೆಗೆ ಹೋದಾಗ ಹಾಲು ಉಕ್ಕಿಸುವುದನ್ನು ಅಮ್ಮ ಬಿಟ್ಟಿರಲಿಲ್ಲ. ಹಿಂದಿನ ದಿನ ಅಪ್ಪ ಹೋಗಿ ನೆಲ, ಕಿಟಕಿ ತೊಳೆದು ಬಂದಿದ್ದರು. ಬೆಳಿಗ್ಗೆ ಹಾಲು ಉಕ್ಕಿತು. ಮೇಷ್ಟ್ರ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ಅಪ್ಪ ಆಗಷ್ಟೇ ಟೆಂಪೊದಿಂದ ಇಳಿಸಿದ ಪಟಗಳನ್ನು ಗೋಡೆಗೆ ಒರಗಿಸುತ್ತಿದ್ದರು. ಒಂದು ಬುದ್ಧನದು, ಇನ್ನೊಂದು ನೀಲಿ ಕೋಟು ಮತ್ತು ಕನ್ನಡಕದ್ದು. ಆಕೆ ಪಟಗಳನ್ನು ನೋಡಿದರು, ಅಮ್ಮನನ್ನು ನೋಡಿದರು, ತಟ್ಟೆಯ ಸಮೇತ ಹಿಂದಕ್ಕೆ ಹೋದರು.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬಂದು ಹೊಸ್ತಿಲಾಚೆ ನಿಂತರು. "ಬೇಜಾರ್ ಮಾಡ್ಕೋಬೇಡಿ ಸಾರ್. ನಂದೇನಿಲ್ಲ. ನಮ್ಮ ತಾಯಿ ಹಳೇ ಕಾಲದೋರು."

ಮಧ್ಯಾಹ್ನದ ಹೊತ್ತಿಗೆ ನಮ್ಮ ಸಾಮಾನು ಬೀದಿಯಲ್ಲಿತ್ತು. ಟೆಂಪೊ ಅಷ್ಟೊತ್ತಿಗೆ ಹೊರಟುಹೋಗಿತ್ತು. ಬೇರೆ ಗಾಡಿ ಸಿಗುವವರೆಗೆ ನಾನು ಅಕ್ಕಿ ಡಬ್ಬದ ಮೇಲೆ ಕೂತಿದ್ದೆ. ಜನ ನೋಡುತ್ತಾ ಹೋದರು. ಹಾಲಿನ ಪಾತ್ರೆ ಅಮ್ಮನ ಕೈಯಲ್ಲೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ಆಕೆಗೆ ತಿಳಿಯಲಿಲ್ಲ.

ಮೇಷ್ಟ್ರು ನಿವೃತ್ತರಾಗುವವರೆಗೂ ಅಪ್ಪ ಅವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತರು. ಮನೆಯಲ್ಲಿ ಆ ವಿಷಯ ಎತ್ತಲಿಲ್ಲ. ಆದರೆ ಶಾಲೆಗೆ ಕೆರೆ ಕಡೆಯಿಂದ ಸುತ್ತಿ ಹೋಗುತ್ತಿದ್ದರು, ನಮ್ಮನ್ನೂ ಹಾಗೆಯೇ ಕರೆದೊಯ್ಯುತ್ತಿದ್ದರು. ನಾನು ಬೆಳೆದ ಶಿಡ್ಲಘಟ್ಟದಲ್ಲಿ ಆ ಬೀದಿಯೂ ಅದರ ಸಂದಿಗಳೂ ಇರಲಿಲ್ಲ.

ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಚಿಂತಾಮಣಿಯ ಮದುವೆ ಫೋಟೊಗ್ರಾಫರ್ ಒಬ್ಬರಿಂದ ಹಳೇ ಕ್ಯಾಮೆರಾ ಕೊಂಡೆ. ಭಾನುವಾರಗಳಲ್ಲಿ ಊರಿಗೆ ಬಂದು, ನಾವು ಬಿಟ್ಟಿದ್ದ ಬೀದಿಗಳಲ್ಲೇ ಬೇಕೆಂದು ನಡೆದೆ. ಆ ಮನೆಯನ್ನು ಎದುರಿಗೆ ನಿಂತು ನೋಡಬೇಕಿತ್ತು. ನೋಡಿ ಏನು ಮಾಡುವುದೆಂದು ಯೋಚಿಸಿರಲಿಲ್ಲ.

ಆ ಮನೆಯ ಮುಂದೆ ನಿಲ್ಲುವ ಧೈರ್ಯ ಬರುವವರೆಗೆ ಉಳಿದದ್ದನ್ನು ನೋಡಿದೆ. ರೇಷ್ಮೆ ಗೂಡು ಬೇಯಿಸುವ ವಾಸನೆಗೆ ಬಾಲ್ಯದಿಂದ ಮೂಗು ಮುಚ್ಚಿಕೊಂಡವಳು ನಾನು. ಬಾಣಲೆಯ ಹಬೆಯೊಳಗೆ ಬೆಳಕು ಹೇಗೆ ನಿಲ್ಲುತ್ತದೆಂದು ಈಗ ಕಂಡಿತು. ಸ್ಕೂಟರಿನ ಎರಡೂ ಪಕ್ಕ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಬರುವವರು ದೂರದಿಂದ ಚಲಿಸುವ ಪೊದೆಗಳಂತೆ ಕಂಡರು. ಸುಣ್ಣದ ಗೋಡೆಯೊಂದರ ಮೇಲೆ ಒಣಗಲು ಹಾಕಿದ್ದ ರೇಷ್ಮೆ ನೂಲಿನ ಲಡಿಗಳ ನೆರಳು ಬಿದ್ದಿತ್ತು. ಅದನ್ನು ತೆಗೆಯುತ್ತಾ ನಿಂತಿದ್ದಾಗ ನೂಲು ತೆಗೆಯುವ ಹೆಂಗಸೊಬ್ಬಳು ಒಳಗಿನಿಂದಲೇ ಕೂಗಿದಳು: "ಏಮ್ಮಾ, ಗೋಡಕಿ ಪೆಳ್ಳಿ ಸಂಬಂಧಂ ಚೂಸ್ತಾ ಉಂಡಾವಾ?"

ಗೋಡೆಗೆ ಮದುವೆ ಸಂಬಂಧ ನೋಡುತ್ತಿದ್ದೀಯಾ ಅಂತ. ಅವಳ ಪಕ್ಕದವಳು, "ಗೋಡೆಗಾದ್ರೂ ಆಗ್ಲಿ ಬಿಡೇ, ನಿನ್ನ ಮಗನಿಗಂತೂ ಯಾರೂ ಕೊಡಲ್ಲ" ಅಂದಳು. ನಾನೂ ನಕ್ಕೆ. ಆ ಬೀದಿಗಳಲ್ಲಿ ನಾನು ನಕ್ಕದ್ದು ಅದೇ ಮೊದಲು. ಊರು ಚೆನ್ನಾಗಿತ್ತು, ಅದು ನನಗೆ ಇಷ್ಟು ತಡವಾಗಿ ತಿಳಿಯುವಂತಾಯಿತು. ಆ ಮನೆಯವರ ಮೇಲಿನ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಂಡೆ.

ಇನ್ನೊಂದು ವಿಷಯ ಗಮನಿಸಿದೆ. ಕೈಯಲ್ಲಿ ಕ್ಯಾಮೆರಾ ಇದ್ದರೆ ಜನ "ಯಾವ ಪೇಪರಮ್ಮ?" ಅಂತ ಕೇಳುತ್ತಾರೆ, ಯಾವ ಪೈಕಿ ಅಂತ ಕೇಳುವುದಿಲ್ಲ. ಬಾಗಿಲು ತೆರೆದು ಒಳಗೆ ಕರೆಯುತ್ತಾರೆ, ಕಾಫಿ ಕೊಡುತ್ತಾರೆ.

ಆ ಮನೆಯೂ ಹಾಗೆಯೇ ತೆರೆಯಿತು. ರಸ್ತೆ ಅಗಲ ಮಾಡಲು ಅದರ ಕಂಬಕ್ಕೆ ಕೆಂಪು ಗುರುತು ಹಾಕಿದ್ದರು. ನಾನು ಎದುರಿಗೆ ನಿಂತಿದ್ದನ್ನು ಕಂಡು ಮೇಷ್ಟ್ರೇ ಜಗಲಿಯ ಮೇಲಿನಿಂದ ಕರೆದರು. ತುಂಬಾ ಸಣ್ಣಗಾಗಿದ್ದರು. ನನ್ನ ಗುರುತು ಸಿಗಲಿಲ್ಲ.

"ಬಾಮ್ಮ, ತೆಗಿ. ಮುಂಭಾಗ ಪೂರ್ತಿ ಹೋಗುತ್ತೆ. ನಮ್ಮ ತಾತ ಕಟ್ಟಿಸಿದ್ದು. ಒಂದು ಒಳ್ಳೇ ಫೋಟೊ ಇಲ್ಲ ನೋಡು."

"ಮದುವೆ ಫೋಟೊಗಳಲ್ಲಿ ಇರುತ್ತಲ್ಲ ಸಾರ್?"

"ಎಲ್ಲಾದ್ರಲ್ಲೂ ಚಪ್ಪರ ಕಟ್ಟಿ ಮುಚ್ಚಿಬಿಟ್ಟಿದ್ದಾರೆ. ಮೊಮ್ಮಕ್ಕಳ ಫೋನಲ್ಲಿ ತೆಗೆದ್ರೆ ಬರೀ ಬೈಕು. ದೊಡ್ಡದಾಗಿ ಕಟ್ಟು ಹಾಕಿಸಿ ಮಗನ ಮನೇಲಿ ಇಟ್ಕೋಬೇಕು ಅಂತ ನಂಗೆ."

ಆಗಲಿ ಎಂದೆ. ಮೊದಲು ಖಾಲಿ ಮನೆಯನ್ನು ತೆಗೆದೆ. ಇಳಿಬಿಸಿಲು ಬಾಗಿಲ ಮೇಲೆ ನೇರವಾಗಿ ಬಿದ್ದಿತ್ತು. ಕಂಬದ ಕೆತ್ತನೆ, ಗಾರೆಯ ಬಿರುಕು, ಎಲ್ಲ ಬಂತು. ನಾನು ತೆಗೆದ ಫೋಟೊಗಳಲ್ಲಿ ಅದಕ್ಕಿಂತ ಚೆನ್ನಾದದ್ದು ಇವತ್ತಿಗೂ ಇಲ್ಲ.

ಆಮೇಲೆ ಅವರು ಜಗಲಿಯ ಮೇಲೆ ಪಂಚೆ ಸರಿಮಾಡಿಕೊಂಡು ಕೂತರು.

"ಅಲ್ಲಿ ಬೇಡ ಸಾರ್. ಕೆಳಗಿಳೀರಿ."

"ಎಲ್ಲಿಗಮ್ಮ?"

"ಬೀದಿಗೆ."

ಇಳಿದರು. ಇನ್ನೂ ಈ ಕಡೆ ಎಂದೆ. ರಸ್ತೆಯ ನಡುವಿನವರೆಗೆ ಬಂದರು. ಟಾರು ಕಾದಿತ್ತು. "ಚಪ್ಪಲಿ ಹಾಕ್ಕೊಳ್ಳಲಾ?" ಎಂದು ಕೇಳಿದರು. ಬೇಡ, ಹಾಗೇ ಚೆನ್ನಾಗಿದೆ ಎಂದೆ. ಸೊಪ್ಪಿನ ಸ್ಕೂಟರಿನವನು ಹಾರ್ನ್ ಹೊಡೆದು, "ಏನ್ ಸಾರ್, ಹೀರೋ ಆಗ್ಬಿಟ್ರಾ?" ಎನ್ನುತ್ತಾ ಪಕ್ಕದಲ್ಲೇ ಸಾಗಿದ. ಎದುರು ಮನೆಯವರು ಹೊರಬಂದು ನೋಡಿದರು. ಮೇಷ್ಟ್ರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತರು. ಫೋಟೊ ಆಗಲೇ ಆಗಿತ್ತು. ನಾನು ಕಣ್ಣನ್ನು ಕ್ಯಾಮೆರಾದಿಂದ ತೆಗೆಯಲಿಲ್ಲ, ಇನ್ನೂ ಸ್ವಲ್ಪ ನಿಲ್ಲಿಸಿದೆ.

ಪ್ರಿಂಟ್ ಕೊಡಲು ಹೋಗುವಷ್ಟರಲ್ಲಿ ಮನೆಯ ಮುಂಭಾಗವನ್ನು ಒಡೆದಿದ್ದರು. ಅವರು ಹೊಸ ಬಡಾವಣೆಯಲ್ಲಿ ಮಗನ ಮನೆಯಲ್ಲಿದ್ದರು. ಬೀದಿಯಲ್ಲಿ ನಿಂತ ಫೋಟೊವನ್ನಷ್ಟೇ ದೊಡ್ಡದು ಮಾಡಿಸಿ ಒಯ್ದಿದ್ದೆ. ಅದರಲ್ಲಿ ಫೋಕಸ್ ಅವರ ಮೇಲಿತ್ತು. ಮುಖದ ಸುಕ್ಕು, ಬರಿಗಾಲು, ಬೆವರು ಎಲ್ಲ ಸ್ಪಷ್ಟ. ಹಿಂದಿನ ಮನೆ ಬರೀ ಕೆಂಪು ಮಸುಕು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದರು. "ಮನೇನೇ ಸರಿಯಾಗಿ ಬಂದಿಲ್ವಲ್ಲಮ್ಮ."

"ಹೌದು ಸಾರ್."

"ಮೊದಲು ಒಂದು ತೆಗೆದಿದ್ಯಲ್ಲ, ಅದು?"

"ಅದು ಚೆನ್ನಾಗಿ ಬಂದಿದೆ. ನನ್ನ ಹತ್ರ ಇದೆ."

"ಅದನ್ನ ಕೊಡು ಮತ್ತೆ. ಅಂದಹಾಗೆ ನೀನು ಯಾರ ಮಗಳಮ್ಮ?"

ಹೇಳಿದೆ. ಅವರ ಮುಖ ಅರಳಿತು. "ಕನ್ನಡ ಮೇಷ್ಟ್ರ ಮಗಳಾ? ನಾವಿಬ್ರೂ ಎಷ್ಟು ವರ್ಷ ಜೊತೇಲಿದ್ವಿ. ಒಂದು ದಿನ ಒಂದು ಮಾತು ಬಂದಿಲ್ಲ ನಮ್ಮಿಬ್ಬರ ಮಧ್ಯೆ. ಅಂಥ ಸ್ನೇಹ. ಏ, ಇವಳೇ, ನೋಡಿಲ್ಲಿ ಯಾರು ಬಂದಿದ್ದಾರೆ."

ಅವರು ನಟಿಸುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಎಲ್ಲರೂ ಸುತ್ತಿ ನಡೆದ ಆ ಒಂದು ದಿನ ಅವರಿಗೆ ನೆನಪೇ ಇರಲಿಲ್ಲ. ನೆನಪಿದ್ದು ಕ್ಷಮೆ ಕೇಳಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವರ ಹೆಂಡತಿ ಅಡುಗೆಮನೆಯ ಬಾಗಿಲವರೆಗೆ ಬಂದು ನಿಂತಿದ್ದರು. ಆಕೆಗೆ ನೆನಪಿತ್ತು. ನನ್ನ ಮುಖ ನೋಡಿ ಸೆರಗನ್ನು ಕೈಗೆ ಸುತ್ತಿಕೊಂಡು, "ರೀ, ಸಾಕು ಬಿಡಿ" ಅಂದರು.

"ಏನ್ ಸಾಕು? ಯಾವಾಗ ಕೊಡ್ತೀಯಮ್ಮ?"

"ಕೊಡಲ್ಲ ಸಾರ್."

ಅವರು ತಮಾಷೆಯೆಂದುಕೊಂಡು ನಕ್ಕರು. ನಾನು ನಗದೆ ಚಪ್ಪಲಿ ಮೆಟ್ಟಿಕೊಂಡು ಬಂದೆ.

ಮನೆಯಲ್ಲಿ ಅಪ್ಪನಿಗೆ ಖಾಲಿ ಮನೆಯ ಆ ಇನ್ನೊಂದು ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದರು. "ಪಾಪ, ಮುದುಕ. ಕೊಟ್ಬಿಡಮ್ಮ, ಹಾಳಾಗ್ಲಿ" ಅಂದರು. ಅಪ್ಪನ ಮಾತನ್ನು ನಾನು ಮೀರುವುದು ಕಡಿಮೆ. ಅವತ್ತು ಮೀರಿದೆ. ತಮ್ಮ ಪಾಲಿನದನ್ನು ಅಪ್ಪ ಬಿಟ್ಟುಕೊಡಬಹುದು. ಅಕ್ಕಿ ಡಬ್ಬದ ಮೇಲೆ ಕೂತಿದ್ದವಳು ನಾನು.

ಹೋದ ತಿಂಗಳು ಮೇಷ್ಟ್ರ ಮಗ ಫೋನ್ ಮಾಡಿದರು. ತುಂಬಾ ಮರ್ಯಾದೆಯಿಂದ ಮಾತಾಡಿದರು. ನಮ್ಮ ತಂದೆಗೆ ಹುಷಾರಿಲ್ಲ, ದಿನಾ ಆ ಮನೆಯದೇ ಮಾತು, ಆ ಫೋಟೊ ಒಂದು ಕಳಿಸಿಬಿಡಿ ಮೇಡಂ ಅಂದರು. ಆಗಲ್ಲ ಎಂದೆ.

"ಯಾಕೆ ಅಂತ ಹೇಳಬಹುದಾ?"

"ನಿಮ್ಮ ತಾಯಿಯವರನ್ನ ಕೇಳಿ."

 ಸರಿ ಮೇಡಂ ಎಂದು ಫೋನ್ ಇಟ್ಟರು. ಕೇಳಿದರೋ ಇಲ್ಲವೋ ತಿಳಿಯದು. ಅಲ್ಲಿಂದೀಚೆಗೆ ಅವರ ಫೋನ್ ಬಂದಿಲ್ಲ.